ಬೋರ್ಡಿಗಿಂತ ಮೊದಲು ಟೂಲ್‌ಚೈನ್

(ಕಾಸರಗೋಡಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಕೇರಳದ ಪ್ರೌಢಶಾಲೆಗಳಲ್ಲಿ ಲಿಟ್ಲ್ ಕೈಟ್ಸ್ ಎಂಬ ಐಟಿ ಕ್ಲಬ್ಬುಗಳು 2018ರಿಂದ ನಡೆಯುತ್ತಿವೆ. ನಮ್ಮ ಜಿಲ್ಲೆಯ ಕನ್ನಡ ಮಾಧ್ಯಮದ ಮಕ್ಕಳೂ ಅವುಗಳಲ್ಲಿದ್ದಾರೆ. ಅಲ್ಲಿಗೆ ಬಂದಿರುವ ಕಿಟ್‌ಗಳಲ್ಲಿ ಆರ್ಡುಯಿನೊ ಉನೊ ಬೋರ್ಡ್ ಇದೆ. ಮಗು ಲ್ಯಾಪ್‌ಟಾಪಿನಲ್ಲಿ ನಾಲ್ಕು ಸಾಲು ಬರೆದು ಅಪ್‌ಲೋಡ್ ಗುಂಡಿ ಒತ್ತುತ್ತದೆ, ಸ್ವಲ್ಪ ಹೊತ್ತಿನಲ್ಲಿ ಬೋರ್ಡಿನ ದೀಪ ಮಿನುಗುತ್ತದೆ. ಆ ಹೊತ್ತಿನೊಳಗೆ ನಡೆದದ್ದು ಸಣ್ಣ ಕೆಲಸವಲ್ಲ. ಲ್ಯಾಪ್‌ಟಾಪಿನ ಪ್ರೊಸೆಸರ್ ಪಾಲಿಸುವ ಆದೇಶಗಳೇ ಬೇರೆ, ಬೋರ್ಡಿನ ಮೇಲಿರುವ ಎಟಿಮೆಗಾ328ಪಿ ಚಿಪ್ಪು ಪಾಲಿಸುವ ಆದೇಶಗಳೇ ಬೇರೆ. ಚಿಪ್ಪಿನೊಳಗಿರುವುದು 32 ಕಿಲೋಬೈಟ್ ಫ್ಲ್ಯಾಶ್, 2 ಕಿಲೋಬೈಟ್ ರ‍್ಯಾಮ್; ಅಲ್ಲಿ ಕಂಪೈಲರ್ ಕೂರುವ ಮಾತೇ ಇಲ್ಲ. ಲ್ಯಾಪ್‌ಟಾಪಿನಲ್ಲಿ ಓಡುತ್ತಲೇ ಆ ಚಿಪ್ಪಿಗೆ ಬೇಕಾದ ಆದೇಶಗಳನ್ನು ಬರೆಯಬಲ್ಲ ಎವಿಆರ್-ಜಿಸಿಸಿ ಎಂಬ ಕಂಪೈಲರ್ ಆ ನಾಲ್ಕು ಸಾಲನ್ನು ಸಿದ್ಧಪಡಿಸಿ ಕಳಿಸಿರುತ್ತದೆ. ಇದೇ ಕ್ರಾಸ್ ಕಂಪೈಲೇಶನ್. ಹೀಗೆ ನಮ್ಮ ಹಳ್ಳಿಶಾಲೆಗಳ ಮಕ್ಕಳು ಹೆಸರು ಕೇಳುವ ಮೊದಲೇ ಅದರ ಫಲ ಉಂಡಿದ್ದಾರೆ. ಆರ್ಡುಯಿನೊ ಅದನ್ನು ಒಂದು ಗುಂಡಿಯ ಹಿಂದೆ ಮರೆಮಾಡಿದ್ದೂ ಸರಿಯೇ, ಹದಿಮೂರು ವರ್ಷದ ಮಗುವಿಗೆ ಮೊದಲು ಬೇಕಾದದ್ದು ಮಿನುಗುವ ದೀಪ. ಆದರೆ ಅದೇ ಮಕ್ಕಳು ಎಂಜಿನಿಯರಿಂಗ್ ಕಾಲೇಜಿಗೆ ಬಂದು ಲಿನಕ್ಸ್ ಓಡುವ ಸಾಧನಗಳನ್ನು ಕಟ್ಟಲು ಹೊರಟಾಗಲೂ ಆ ಮರೆ ಹಾಗೇ ಉಳಿದರೆ ಕಷ್ಟ. ಎಂಬೆಡೆಡ್ ಲಿನಕ್ಸ್ ಸಾಧನ ಕಟ್ಟುವವರು ಟೂಲ್‌ಚೈನನ್ನು ಎಲ್ಲಿಂದಲೋ ಇಳಿಸಿಕೊಂಡು ಮರೆತುಬಿಡುವ ಪೂರ್ವಸಿದ್ಧತೆ ಎಂದು ಎಣಿಸಬಾರದು. ಅದನ್ನು ಸಾಧನದ ಮೊದಲ ಅಂಗವೆಂದೇ ಎಣಿಸಿ, ತಾವೇ ಮತ್ತೆ ಕಟ್ಟಬಲ್ಲ ಸ್ಥಿತಿಯಲ್ಲಿ ಇಟ್ಟುಕೊಳ್ಳಬೇಕು. ಇಂದು ನಾನು ಮಂಡಿಸುವ ವಾದ ಇಷ್ಟೇ.

ಎಂಬೆಡೆಡ್ ಲಿನಕ್ಸ್ ಎಂದರೆ ಮನೆಯ ವೈಫೈ ರೌಟರ್, ಟಿವಿಯ ಸೆಟ್‌ಟಾಪ್ ಬಾಕ್ಸ್, ಸಿಸಿಟಿವಿಯ ರೆಕಾರ್ಡರ್ ಮುಂತಾದವುಗಳ ಒಳಗೆ ಕಣ್ಣಿಗೆ ಬೀಳದೆ ಓಡುವ ಲಿನಕ್ಸ್. ಅವುಗಳ ಪ್ರೊಸೆಸರ್ ಹೆಚ್ಚಾಗಿ ಆರ್ಮ್ ಅಥವಾ ಮಿಪ್ಸ್, ಈಚೆಗೆ ರಿಸ್ಕ್-ಫೈವ್. ಅದಕ್ಕೆ ಪ್ರೋಗ್ರಾಂ ಸಿದ್ಧವಾಗುವುದು ಮೇಜಿನ ಮೇಲಿನ ಪಿಸಿಯಲ್ಲಿ. ಈ ಕೆಲಸಕ್ಕೆ ಕಂಪೈಲರ್ ಒಂದೇ ಸಾಲದು. ಆದೇಶಗಳನ್ನು ಯಂತ್ರರೂಪಕ್ಕೆ ತರುವ ಅಸೆಂಬ್ಲರ್, ತುಂಡುಗಳನ್ನು ಜೋಡಿಸುವ ಲಿಂಕರ್ ಇವೆರಡೂ ಇರುವ ಬಿನ್‌ಯುಟಿಲ್ಸ್ ಬೇಕು. ಜಿಸಿಸಿ ಬೇಕು, ರಿಚರ್ಡ್ ಸ್ಟಾಲ್‌ಮನ್ 1987ರಲ್ಲಿ ಹೊರತಂದ ಕಂಪೈಲರ್ ಅದು. ಲಿನಕ್ಸಿನ ತಿರುಳಾದ ಕರ್ನಲ್ ಜತೆ ಯಾವ ರೀತಿ ಮಾತಾಡಬೇಕೆಂದು ಹೇಳುವ ಹೆಡರ್ ಕಡತಗಳು ಬೇಕು. ಎಲ್ಲ ಪ್ರೋಗ್ರಾಂಗಳೂ ಆತುಕೊಳ್ಳುವ ಸಿ ಲೈಬ್ರರಿ ಬೇಕು. ಅದು ಗ್ಲಿಬ್‌ಸಿ ಇರಬಹುದು, ಸಣ್ಣ ಸಾಧನಗಳಿಗೆಂದೇ ಬಂದ ಮಸಲ್ ಅಥವಾ ಯುಸಿಲಿಬ್‌ಸಿ ಇರಬಹುದು. ದೋಷ ಹುಡುಕಲು ಡೀಬಗರ್ ಬೇಕು. ಗುರಿಸಾಧನದ ಲೈಬ್ರರಿಗಳನ್ನೂ ಹೆಡರುಗಳನ್ನೂ ಇಡುವ ಪ್ರತ್ಯೇಕ ಕೋಶ ಸಿಸ್‌ರೂಟ್. ಪಿಸಿಯ ಸ್ವಂತ ಲೈಬ್ರರಿಗಳು ಇದರೊಳಗೆ ಎಂದೂ ನುಸುಳಬಾರದು. ಇವೆಲ್ಲ ಸೇರಿದ್ದು ಟೂಲ್‌ಚೈನ್.

ಇದನ್ನು ಕಟ್ಟುವ ಕ್ರಮದಲ್ಲಿ ಒಂದು ತೊಡಕಿದೆ. ಪೂರ್ಣ ಜಿಸಿಸಿ ಸಿದ್ಧವಾಗಬೇಕಾದರೆ ಗುರಿಸಾಧನದ ಸಿ ಲೈಬ್ರರಿ ಇರಬೇಕು, ಸಿ ಲೈಬ್ರರಿಯನ್ನು ಕಂಪೈಲ್ ಮಾಡಬೇಕಾದರೆ ಆ ಸಾಧನಕ್ಕೆ ಬರೆಯಬಲ್ಲ ಜಿಸಿಸಿ ಇರಬೇಕು. ಮೊಸರು ಮಾಡಲು ಹೆಪ್ಪು ಬೇಕು, ಹೆಪ್ಪಿಗೆ ಮೊಸರೇ ಬೇಕು ಎಂಬಂಥ ಸುತ್ತು ಇದು. ಈ ಸುತ್ತನ್ನು ಬಿಡಿಸಲು ಜಿಸಿಸಿಯನ್ನು ಎರಡು ಸಲ ಕಟ್ಟುತ್ತಾರೆ. ಮೊದಲು ಬಿನ್‌ಯುಟಿಲ್ಸ್, ಆಮೇಲೆ ಲೈಬ್ರರಿಯ ಹಂಗಿಲ್ಲದ, ಸಿ ಭಾಷೆ ಮಾತ್ರ ಬಲ್ಲ ಅರೆ ಜಿಸಿಸಿ. ಅದರಿಂದ, ಕರ್ನಲ್ ಹೆಡರುಗಳ ಆಧಾರದಲ್ಲಿ, ಸಿ ಲೈಬ್ರರಿ. ಆ ಲೈಬ್ರರಿ ಕೈಗೆ ಬಂದ ಮೇಲೆ ಸಿ++ ಸಹಿತ ಪೂರ್ಣ ಜಿಸಿಸಿ. ಹಿಂದೆ ಇದನ್ನೆಲ್ಲ ಕೈಯಿಂದಲೇ ಮಾಡಬೇಕಿತ್ತು. ಯಾವ ಆವೃತ್ತಿಯ ಜಿಸಿಸಿಗೆ ಯಾವ ಆವೃತ್ತಿಯ ಗ್ಲಿಬ್‌ಸಿ ಹೊಂದುತ್ತದೆ ಎಂಬುದೇ ಒಂದು ವಿದ್ಯೆಯಾಗಿತ್ತು. ಡ್ಯಾನ್ ಕೆಗೆಲ್ ಅವರ ಕ್ರಾಸ್‌ಟೂಲ್ ಈ ವಿದ್ಯೆಯನ್ನು ಸ್ಕ್ರಿಪ್ಟುಗಳ ರೂಪಕ್ಕೆ ತಂದಿತು. ಯಾನ್ ಮೋರಿನ್ 2007ರಲ್ಲಿ ಆರಂಭಿಸಿದ ಕ್ರಾಸ್‌ಟೂಲ್-ಎನ್‌ಜಿ ಅದನ್ನು ಮೆನುವಿನಿಂದ ಆರಿಸಿಕೊಳ್ಳುವಷ್ಟು ಸಲೀಸು ಮಾಡಿತು. ಇಂದು ಸಾಧಾರಣ ಲ್ಯಾಪ್‌ಟಾಪೊಂದು ಕೆಲವು ಗಿಗಾಬೈಟ್ ಜಾಗ ಮತ್ತು ಒಂದು ಮಧ್ಯಾಹ್ನದ ಸಮಯ ಸಿಕ್ಕರೆ ಈ ಕೆಲಸ ಮುಗಿಸುತ್ತದೆ. ಆದ್ದರಿಂದ ‘ಅಸಾಧ್ಯ, ದೊಡ್ಡ ಕಂಪನಿಗಳ ಕೆಲಸ’ ಎಂಬ ಮಾತಿಗೆ ಈಗ ಬೆಲೆಯಿಲ್ಲ.

ಕಟ್ಟಬಹುದು ಎಂದಾಯಿತು, ಕಟ್ಟಲೇಬೇಕೆ ಎಂಬುದು ಪ್ರಶ್ನೆ. ಮೊದಲ ಸಾಕ್ಷ್ಯ ರಾಸ್ಪ್‌ಬೆರಿ ಪೈ. 2012ರ ಫೆಬ್ರವರಿ 29ರಂದು ಮಾರುಕಟ್ಟೆಗೆ ಬಂದ ಈ ಬೋರ್ಡಿನ ಪ್ರೊಸೆಸರ್ ಆರ್ಮ್‌ವಿ6 ವರ್ಗದ್ದು. ದಶಮಾಂಶದ ಲೆಕ್ಕಗಳನ್ನು ವೇಗವಾಗಿ ಮಾಡುವ ಫ್ಲೋಟಿಂಗ್ ಪಾಯಿಂಟ್ ಘಟಕ ಅದರಲ್ಲಿ ಇತ್ತು. ಆದರೆ ಡೆಬಿಯನ್ ಎಂಬ ಲಿನಕ್ಸ್ ವಿತರಣೆ ಆಗ ಸಿದ್ಧಪಡಿಸುತ್ತಿದ್ದ, ಆ ಘಟಕವನ್ನು ಬಳಸುವ ಹಾರ್ಡ್-ಫ್ಲೋಟ್ ಆವೃತ್ತಿ ಆರ್ಮ್‌ವಿ7 ಮತ್ತು ಅದರ ಮೇಲಿನ ಪ್ರೊಸೆಸರುಗಳಿಗೆ ಮಾತ್ರ ಹೊಂದುವಂಥದ್ದು. ಇನ್ನೊಂದು ಆವೃತ್ತಿ ಪೈಯಲ್ಲಿ ಓಡುತ್ತಿತ್ತು, ಆದರೆ ಆ ಘಟಕವನ್ನು ಬಳಸುತ್ತಲೇ ಇರಲಿಲ್ಲ. ಕಾಸು ಕೊಟ್ಟು ಕೊಂಡ ಯಂತ್ರಭಾಗ ಸುಮ್ಮನೆ ಕೂತಿತ್ತು. ಮೈಕ್ ಥಾಂಪ್ಸನ್ ಮತ್ತು ಪೀಟರ್ ಗ್ರೀನ್ ಎಂಬಿಬ್ಬರು ಮುಂದಾಗಿ, ಕಂಪೈಲರಿನ ಗುರಿಯನ್ನು ಆರ್ಮ್‌ವಿ6ಕ್ಕೆ ಬದಲಿಸಿ, ಡೆಬಿಯನಿನ ಮೂವತ್ತೈದು ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳನ್ನು ಮತ್ತೆ ಕಂಪೈಲ್ ಮಾಡಿದರು. 2012ರ ಜೂನ್ ಹೊತ್ತಿಗೆ ಮುಗಿದ ಆ ಕೆಲಸದ ಹೆಸರು ರಾಸ್ಪ್‌ಬಿಯನ್. ಜಗತ್ತಿನಾದ್ಯಂತ ಶಾಲೆಗಳು ಪೈಯನ್ನು ಬಳಸುವಂತಾದದ್ದರ ಹಿಂದೆ ಈ ಇಬ್ಬರ ಶ್ರಮ ಇದೆ, ಅದನ್ನು ಕೃತಜ್ಞತೆಯಿಂದ ನೆನೆಯಬೇಕು. ಅವರು ಹೊಸ ಪ್ರೋಗ್ರಾಂಗಳನ್ನೇನೂ ಬರೆಯಲಿಲ್ಲ. ಇದ್ದ ಮೂಲಕ್ಕೆ ಸರಿಯಾದ ಟೂಲ್‌ಚೈನ್ ಸಿದ್ಧಪಡಿಸಿದರು. ಕಥೆ ಅಲ್ಲಿಗೆ ಮುಗಿಯಲಿಲ್ಲ. 2015ರಲ್ಲಿ ಬಂದ ಪೈ ಜೀರೊದಲ್ಲೂ ಅದೇ ಹಳೆಯ ಚಿಪ್ಪಿದೆ. ಇಂದೂ ಉಬುಂಟು ಲ್ಯಾಪ್‌ಟಾಪಿನಲ್ಲಿ ಸಿದ್ಧ ಆರ್ಮ್ ಕ್ರಾಸ್ ಕಂಪೈಲರನ್ನು ಸ್ಥಾಪಿಸಿ, ನಾಲ್ಕು ಸಾಲಿನ ಪ್ರೋಗ್ರಾಂ ಕಂಪೈಲ್ ಮಾಡಿ ಪೈ ಜೀರೊಗೆ ಕಳಿಸಿದರೆ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ಅದು ನಿಂತುಹೋಗುತ್ತದೆ. ಆರ್ಮ್‌ವಿ6 ಎಂದು ಕಂಪೈಲರಿಗೆ ಸೂಚನೆ ಕೊಟ್ಟರೂ ಗುಣವಾಗುವುದಿಲ್ಲ. ಆ ಸೂಚನೆ ನಾವು ಬರೆದ ಸಾಲುಗಳಿಗಷ್ಟೇ ಅನ್ವಯಿಸುತ್ತದೆ. ಪ್ರೋಗ್ರಾಮಿನ ಆರಂಭಕ್ಕೆ ಲಿಂಕರ್ ಸೇರಿಸುವ ತುಣುಕುಗಳು, ಜಿಸಿಸಿಯ ಸಹಾಯಕ ಲೈಬ್ರರಿ ಎಲ್ಲವೂ ಮೊದಲೇ ಆರ್ಮ್‌ವಿ7ಕ್ಕೆ ಕಂಪೈಲ್ ಆಗಿ ಬಂದಿವೆ. ಟೂಲ್‌ಚೈನಿನ ಒಳಗೆ ಏನೇನಿದೆ ಎಂದು ಬಲ್ಲವರಿಗೆ ಇದು ಐದು ನಿಮಿಷದಲ್ಲಿ ಹೊಳೆಯುತ್ತದೆ. ಅದು ಗೊತ್ತಿಲ್ಲದ ವಿದ್ಯಾರ್ಥಿ ಬೋರ್ಡೇ ಕೆಟ್ಟಿದೆ ಎಂದು ಹೊಸತು ಕೊಳ್ಳುತ್ತಾನೆ.

ಎರಡನೆಯ ಸಾಕ್ಷ್ಯ ನಮ್ಮ ಶಾಲೆಗಳಿಗೇ ಹತ್ತಿರದ್ದು. ಕೇರಳ ಸರಕಾರದ ಕೈಟ್ ಸಂಸ್ಥೆ ಶಾಲೆಗಳಿಗೆ ಕೊಡುವ ಕೈಟ್ ಗ್ನೂ/ಲಿನಕ್ಸ್ 22.04 ಉಬುಂಟು 22.04ರ ಮೇಲೆ ನಿಂತಿದೆ. ಅದರ ಗ್ಲಿಬ್‌ಸಿ 2.35. ರಾಸ್ಪ್‌ಬೆರಿ ಪೈಯ ಒಂದು ತಲೆಮಾರಿನ ಕಾರ್ಯಾಚರಣ ವ್ಯವಸ್ಥೆ ಡೆಬಿಯನ್ 11ರ ಮೇಲೆ ನಿಂತಿತ್ತು. ಅದರ ಗ್ಲಿಬ್‌ಸಿ 2.31. ಇವೆರಡರ ನಡುವೆ, 2021ರ ಆಗಸ್ಟಿನಲ್ಲಿ ಬಂದ ಗ್ಲಿಬ್‌ಸಿ 2.34ರಲ್ಲಿ, ಥ್ರೆಡ್ ಲೈಬ್ರರಿಯನ್ನು ಮುಖ್ಯ ಲೈಬ್ರರಿಯೊಳಗೆ ಸೇರಿಸಿದರು, ಪ್ರೋಗ್ರಾಂ ಶುರುವಾಗುವಾಗ ಕರೆಯುವ ಮೊದಲ ಕಾರ್ಯಕ್ಕೇ ಹೊಸ ಆವೃತ್ತಿಯ ಗುರುತು ಬಿತ್ತು. ಇದರ ಪರಿಣಾಮ ನೋಡಿ. ಶಾಲೆಯ ಲ್ಯಾಪ್‌ಟಾಪಿನ ಸಿದ್ಧ ಕ್ರಾಸ್ ಕಂಪೈಲರಿನಲ್ಲಿ ‘ನಮಸ್ಕಾರ’ ಎಂದು ಮುದ್ರಿಸುವ ಪ್ರೋಗ್ರಾಂ ಮಾಡಿ ಆ ಪೈಗೆ ಹಾಕಿದರೆ, ಗ್ಲಿಬ್‌ಸಿ 2.34 ಸಿಗಲಿಲ್ಲ ಎಂದು ಹೇಳಿ ಅದು ಓಡಲು ನಿರಾಕರಿಸುತ್ತದೆ. ಪ್ರೋಗ್ರಾಮಿನಲ್ಲಿ ತಪ್ಪಿಲ್ಲ, ಬೋರ್ಡಿನಲ್ಲಿ ತಪ್ಪಿಲ್ಲ, ಕಂಪೈಲರಿನಲ್ಲೂ ತಪ್ಪಿಲ್ಲ. ಎರಡು ಸರಿಯಾದ ವಸ್ತುಗಳು ಪರಸ್ಪರ ಹೊಂದದಿರುವುದೇ ದೋಷ. ಹಳೆಯ ಗ್ಲಿಬ್‌ಸಿಗೆ ಲಿಂಕ್ ಆದ ಪ್ರೋಗ್ರಾಂ ಹೊಸದರಲ್ಲಿ ಓಡುತ್ತದೆ, ಹೊಸದಕ್ಕೆ ಲಿಂಕ್ ಆದದ್ದು ಹಳೆಯದರಲ್ಲಿ ಓಡದಿರಬಹುದು. ಕರ್ನಲ್ ಹೆಡರುಗಳ ವಿಷಯದಲ್ಲೂ ಇದೇ ನಿಯಮ. ಹಾಗಾಗಿ ಗ್ಲಿಬ್‌ಸಿ ಮತ್ತು ಹೆಡರುಗಳ ಆವೃತ್ತಿಯನ್ನು ಗುರಿಸಾಧನವನ್ನು ನೋಡಿ ನಿರ್ಧರಿಸಬೇಕು. ಸಿದ್ಧ ಪ್ಯಾಕೇಜನ್ನು ಸ್ಥಾಪಿಸಿಕೊಂಡಾಗ ಆ ನಿರ್ಧಾರವನ್ನು ನಮ್ಮ ಪರವಾಗಿ ಲ್ಯಾಪ್‌ಟಾಪಿನ ಕಾರ್ಯಾಚರಣ ವ್ಯವಸ್ಥೆ ಮಾಡಿಬಿಡುತ್ತದೆ.

ಇನ್ನು ಕಾಲದ ಪ್ರಶ್ನೆ. ಈ ಜಿಲ್ಲೆಯಲ್ಲಿ ನಿಂತು ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಕೂಡ್ಲಿನ ಕೇಂದ್ರೀಯ ತೋಟಬೆಳೆಗಳ ಸಂಶೋಧನ ಸಂಸ್ಥೆಯ (ಸಿಪಿಸಿಆರ್‌ಐ) ಬೇರು 1916ರಲ್ಲಿ ಮದ್ರಾಸ್ ಸರಕಾರ ಆರಂಭಿಸಿದ ತೆಂಗು ಸಂಶೋಧನ ಕೇಂದ್ರದಲ್ಲಿದೆ. ಎತ್ತರದ ಮತ್ತು ಗಿಡ್ಡ ತಳಿಗಳನ್ನು ಕೂಡಿಸಿ ತೆಂಗಿನ ಮೊದಲ ಸಂಕರ ತಳಿಯನ್ನು ಪಡೆದದ್ದು 1932ರಲ್ಲಿ, ಇದೇ ಜಿಲ್ಲೆಯ ನೀಲೇಶ್ವರದಲ್ಲಿ. ತೆಂಗು ಫಲ ಕೊಡಲು ವರ್ಷಗಳು ಬೇಕು, ಅದರ ಇಳುವರಿಯ ಮೇಲೆ ಮಳೆ ಬಿಸಿಲುಗಳ ಪರಿಣಾಮ ತಿಳಿಯಲು ದಶಕಗಳು ಬೇಕು. ಇಂಥ ತೋಟದಲ್ಲಿ ಮಣ್ಣಿನ ತೇವ ಅಳೆಯುವ, ಹೊಳೆಯ ನೀರಿನ ಮಟ್ಟ ದಾಖಲಿಸುವ, ನೀರಿಗಾಗಿ ಗುಡ್ಡದಲ್ಲಿ ಕೊರೆದ ಸುರಂಗದ ಹರಿವು ಬೇಸಗೆಯಲ್ಲಿ ಎಷ್ಟು ಕುಗ್ಗಿತೆಂದು ಬರೆದಿಡುವ ಸಾಧನವನ್ನು ನಮ್ಮ ವಿದ್ಯಾರ್ಥಿಗಳು ಮಾಡಿದರೆ ಅದು ಎರಡು ವರ್ಷ ಬಾಳಿದರೆ ಸಾಲದು. ಹದಿನೈದು ಇಪ್ಪತ್ತು ವರ್ಷ ಬಾಳಬೇಕು. ಅಷ್ಟು ಕಾಲದಲ್ಲಿ ಸೆನ್ಸರ್ ಬದಲಾಗುತ್ತದೆ, ಭದ್ರತಾ ದೋಷಗಳು ಹೊರಬರುತ್ತವೆ, ಪ್ರೋಗ್ರಾಂ ತಿದ್ದಬೇಕಾಗುತ್ತದೆ. ಒಂದು ತಿದ್ದುಪಡಿಯ ತಾರೀಕಂತೂ ಈಗಲೇ ಗೊತ್ತಿದೆ. ಸಮಯವನ್ನು 32 ಬಿಟ್‌ಗಳಲ್ಲಿ ಎಣಿಸುವ ವ್ಯವಸ್ಥೆಗಳಲ್ಲಿ 2038ರ ಜನವರಿ 19ರಂದು, ನಮ್ಮ ಗಡಿಯಾರದ ಪ್ರಕಾರ ಬೆಳಿಗ್ಗೆ 8 ಗಂಟೆ 44 ನಿಮಿಷಕ್ಕೆ, ಎಣಿಕೆ ತುಂಬಿ 1901ಕ್ಕೆ ಹಿಂದೆ ಸರಿಯುತ್ತದೆ. ಇದಕ್ಕೆ ಪರಿಹಾರ ಇರುವುದು ಟೂಲ್‌ಚೈನಿನಲ್ಲಿ. ಮಸಲ್ ಲೈಬ್ರರಿ 2020ರ ಆವೃತ್ತಿ 1.2.0ರಿಂದ 64 ಬಿಟ್ ಸಮಯವನ್ನೇ ಬಳಸುತ್ತದೆ. ಗ್ಲಿಬ್‌ಸಿ 2.34 ಮತ್ತು ಅದರ ನಂತರದ ಆವೃತ್ತಿಗಳಲ್ಲಿ, 32 ಬಿಟ್ ಸಾಧನಕ್ಕೆ ಕಂಪೈಲ್ ಮಾಡುವಾಗ ಅದನ್ನು ಕೇಳಿ ಪಡೆಯಬೇಕು. ಇಂದು ತೋಟದಲ್ಲಿ ನೆಟ್ಟ 32 ಬಿಟ್ ಸಾಧನಕ್ಕೆ ಯಾವ ಲೈಬ್ರರಿ, ಯಾವ ಆಯ್ಕೆ ಬಳಸಲಾಗಿತ್ತು ಎಂಬ ದಾಖಲೆ ಇಲ್ಲದಿದ್ದರೆ, 2038ರಲ್ಲಿ ಅದರ ಮಾಪನಗಳ ತಾರೀಕುಗಳನ್ನು ನಂಬುವಂತಿಲ್ಲ.

ಯಂತ್ರ ಮರೆಯಾದ ಮೇಲೂ ಏನು ಉಳಿಯುತ್ತದೆ ಎಂಬುದಕ್ಕೆ ಕನ್ನಡ ನಾಡಿನಲ್ಲೇ ಒಂದು ದೊಡ್ಡ ದೃಷ್ಟಾಂತವಿದೆ. 1999ರಲ್ಲಿ ಸ್ಥಾಪನೆಯಾದ ಸಿಂಪ್ಯೂಟರ್ ಟ್ರಸ್ಟ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಂಸ್ಥೆಯ ಎಂಜಿನಿಯರುಗಳನ್ನು ಒಟ್ಟುಗೂಡಿಸಿತು. ಓದು ಬರಹ ಬಾರದವರೂ ಬಳಸಬಹುದಾದ ಅಂಗೈಯಗಲದ ಕಂಪ್ಯೂಟರ್ ಅವರ ಗುರಿ. 2001ರ ಏಪ್ರಿಲಿನಲ್ಲಿ ಅದರ ಮಾದರಿ ಹೊರಬಂತು: ಇಂಟೆಲ್‌ನ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್, ಮೇಲೆ ಲಿನಕ್ಸ್. ಎಂಬೆಡೆಡ್ ಲಿನಕ್ಸ್ ಎಂಬ ಮಾತು ಹೊರಗಡೆಯೂ ಹೊಸದಾಗಿದ್ದ ಕಾಲದಲ್ಲಿ ಬೆಂಗಳೂರು ಇದನ್ನು ಮಾಡಿ ತೋರಿಸಿತು. 2004ರಲ್ಲಿ ಬಿಇಎಲ್ ತಯಾರಿಸಿದ ಅಮಿಡಾ ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು, ಕರ್ನಾಟಕದ ಭೂದಾಖಲೆಯ ಕೆಲಸದಲ್ಲೂ ಸಿಂಪ್ಯೂಟರ್ ಬಳಕೆಯಾಯಿತು. ಆದರೆ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ, ಯಂತ್ರ ಮರೆಯಾಯಿತು. ಉಳಿದದ್ದು ಯಾವುದು ಎಂದು ನೋಡಿದರೆ ಅಚ್ಚರಿಯಾಗುತ್ತದೆ. ಸಿಂಪ್ಯೂಟರಿಗಾಗಿ ರಮೇಶ್ ಹರಿಹರನ್ ಬರೆದ ‘ಧ್ವನಿ’ ಎಂಬ ತಂತ್ರಾಂಶ ಅಕ್ಷರವನ್ನು ಮಾತಾಗಿಸುತ್ತಿತ್ತು, ಅದಕ್ಕೆ ಕನ್ನಡ ಬರುತ್ತಿತ್ತು. ಅದು ಸಿ ಭಾಷೆಯಲ್ಲಿತ್ತು, ಮೂಲ ಮುಕ್ತವಾಗಿತ್ತು. ಮುಂದೆ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದ ಸಂತೋಷ್ ತೋಟ್ಟಿಂಗಲ್ ಅದನ್ನು ಕೈಗೆತ್ತಿಕೊಂಡು ಸಾಮಾನ್ಯ ಕಂಪ್ಯೂಟರುಗಳಿಗೆ ಒಗ್ಗಿಸಿದರು, ಮಲಯಾಳವನ್ನೂ ಬೇರೆ ಭಾಷೆಗಳನ್ನೂ ಸೇರಿಸಿದರು. ಕನ್ನಡ ಮತ್ತು ಮಲಯಾಳ ಎರಡನ್ನೂ ದಿನನಿತ್ಯ ಆಡುವ ಈ ಜಿಲ್ಲೆಗೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗುವುದು ಕಷ್ಟ.

ಇಲ್ಲಿ ಒಂದು ಆಕ್ಷೇಪ ಬರಬಹುದು: ಧ್ವನಿ ಉಳಿದದ್ದು ಮೂಲ ಉಳಿದದ್ದರಿಂದ, ಟೂಲ್‌ಚೈನಿಗೂ ಅದಕ್ಕೂ ಏನು ಸಂಬಂಧ? ಧ್ವನಿಯ ಮಟ್ಟಿಗೆ ಈ ಆಕ್ಷೇಪ ನ್ಯಾಯವಾದದ್ದೇ. ಹೊರಗಿನ ಅವಲಂಬನೆ ಕಡಿಮೆಯಿದ್ದ ಸಿ ಪ್ರೋಗ್ರಾಂ ಅದು, ಯಾವ ಕಂಪೈಲರಿಗೂ ಒಗ್ಗುತ್ತಿತ್ತು. ಆದರೆ ಇಡೀ ಸಾಧನದ ಮಾತು ಹಾಗಲ್ಲ. ಲಿನಕ್ಸ್ 2.4 ಸಾಲಿನ ಕರ್ನಲ್ ಬಂದದ್ದು 2001ರ ಜನವರಿಯಲ್ಲಿ. ಅದರ ಮೂಲ ಇಂದೂ ಎಲ್ಲರಿಗೂ ಸಿಗುತ್ತದೆ, ಆದರೆ ಇಂದಿನ ಜಿಸಿಸಿಗೆ ಕೊಟ್ಟರೆ ಹಾಗೇ ಕಂಪೈಲ್ ಆಗುವುದಿಲ್ಲ. ಆ ಕಾಲದ ಆರ್ಮ್ ಲಿನಕ್ಸ್ ಬಳಸುತ್ತಿದ್ದ ಎಬಿಐ, ಎಂದರೆ ಪ್ರೋಗ್ರಾಂ ಮತ್ತು ಲೈಬ್ರರಿಗಳು ಪರಸ್ಪರ ಕರೆಯುವ ಕರಾರು, 2009ರ ಡೆಬಿಯನ್ 5.0ರ ಹೊತ್ತಿಗೆ ಹೊಸ ಎಬಿಐಗೆ ಜಾಗ ಬಿಟ್ಟುಕೊಡತೊಡಗಿತು. ಅಂಥ ಸಾಧನವೊಂದನ್ನು ಇಂದು ಮತ್ತೆ ಎಬ್ಬಿಸಬೇಕಾದರೆ ಮೂಲದ ಜತೆಗೆ ಆ ಕಾಲದ ಜಿಸಿಸಿ, ಬಿನ್‌ಯುಟಿಲ್ಸ್, ಗ್ಲಿಬ್‌ಸಿ ಮತ್ತು ಅವನ್ನು ಯಾವ ಆಯ್ಕೆಗಳೊಂದಿಗೆ ಕಟ್ಟಿದ್ದರೆಂಬ ಬರಹ ಬೇಕು. ಮೂಲವನ್ನು ಕಾಪಾಡಿ ಟೂಲ್‌ಚೈನನ್ನು ಕಳೆದರೆ ಉಳಿಯುವುದು ಓದಲು ಬರುವ, ಓಡಿಸಲು ಬಾರದ ಸಾಲುಗಳು. ಗ್ನೂ ಜಿಪಿಎಲ್ ಎರಡನೆಯ ಆವೃತ್ತಿಯನ್ನು ಬರೆದವರು ಇದನ್ನು ಚೆನ್ನಾಗಿ ಅರಿತಿದ್ದರು. ಕಂಪೈಲ್ ಮಾಡುವ ಮತ್ತು ಸ್ಥಾಪಿಸುವ ಸ್ಕ್ರಿಪ್ಟುಗಳೂ ಮೂಲದ ಭಾಗವೇ ಎಂದು ಅದು ವಿಧಿಸುತ್ತದೆ. ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ರೌಟರಿನೊಳಗೆ ಲಿನಕ್ಸ್ ಇದೆಯೆಂದು ಬೆಳಕಿಗೆ ಬಂದು, 2003ರಲ್ಲಿ ಕಂಪನಿ ಮೂಲವನ್ನು ಬಿಡುಗಡೆ ಮಾಡಬೇಕಾಯಿತು. 2004ರಲ್ಲಿ ಅದರಿಂದ ಹುಟ್ಟಿದ ಓಪನ್‌ವರ್ಟ್ ಯೋಜನೆ ಟೂಲ್‌ಚೈನನ್ನೂ ತಾನೇ ಕಟ್ಟಿಕೊಳ್ಳುವ ಬಿಲ್ಡ್‌ರೂಟ್ ಪದ್ಧತಿಯ ಮೇಲೆ ನಿಂತಿತು. ತಯಾರಕರು ಕೈಬಿಟ್ಟ ಎಷ್ಟೋ ರೌಟರುಗಳಿಗೆ ಇಂದಿಗೂ ಭದ್ರತಾ ತಿದ್ದುಪಡಿ ಸಿಗುತ್ತಿರುವುದು ಆ ಯೋಜನೆಯಿಂದ.

ಅನುಭವಿಗಳು ಎತ್ತುವ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಬೂಟ್ಲಿನ್ ಸಂಸ್ಥೆ ಹತ್ತಾರು ಪ್ರೊಸೆಸರುಗಳಿಗೆ, ಆರ್ಮ್‌ವಿ6ಕ್ಕೂ ಸಹ, ಒಳ್ಳೆಯ ಟೂಲ್‌ಚೈನುಗಳನ್ನು ಉಚಿತವಾಗಿ ಕೊಡುತ್ತಿದೆ. ಆರ್ಮ್ ಕಂಪನಿಯೂ ಕೊಡುತ್ತಿದೆ. ನುರಿತವರು ಪರೀಕ್ಷಿಸಿ ಕೊಟ್ಟದ್ದನ್ನು ಬಿಟ್ಟು ವಿದ್ಯಾರ್ಥಿ ತಾನೇ ಕಟ್ಟಿದ್ದನ್ನು ಬಳಸಿದರೆ ದೋಷಗಳು ಹೆಚ್ಚುವುದಿಲ್ಲವೇ? ಹೆಚ್ಚಬಹುದು. ಆದ್ದರಿಂದ ಪ್ರತಿದಿನದ ಕೆಲಸಕ್ಕೆ ಸಿದ್ಧ ಟೂಲ್‌ಚೈನ್ ಬಳಸುವುದನ್ನು ನಾನು ವಿರೋಧಿಸುವುದಿಲ್ಲ. ಅದನ್ನು ಮತ್ತೆ ಕಟ್ಟುವ ದಾರಿ ನಮ್ಮ ಕೈಯಲ್ಲಿರಬೇಕು ಎಂಬುದಷ್ಟೇ ನನ್ನ ಆಗ್ರಹ. ಬೂಟ್ಲಿನ್‌ನ ಟೂಲ್‌ಚೈನುಗಳು ಕೂಡ ಬಿಲ್ಡ್‌ರೂಟಿನಿಂದಲೇ ಸಿದ್ಧವಾದವು, ಅವುಗಳ ಕಾನ್ಫಿಗರೇಶನ್ ಜತೆಯಲ್ಲೇ ಸಿಗುತ್ತದೆ; ಆ ಕಡತವನ್ನು ತೆಗೆದಿಟ್ಟು ಒಮ್ಮೆ ಕಟ್ಟಿ ನೋಡಿದರೆ ನನ್ನ ಆಗ್ರಹ ಈಡೇರುತ್ತದೆ. ನಂಬಿಕೆಯ ಪ್ರಶ್ನೆಯೂ ಇದೆ. ಕೆನ್ ಥಾಂಪ್ಸನ್ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ, ಮೂಲದಲ್ಲಿ ಸುಳಿವೇ ಇಲ್ಲದಂತೆ ಕಂಪೈಲರಿನೊಳಗೆ ಕಳ್ಳಬಾಗಿಲನ್ನು ಅಡಗಿಸಿ, ಅದು ತಲೆಮಾರಿನಿಂದ ತಲೆಮಾರಿಗೆ ತಾನಾಗಿ ದಾಟುವಂತೆ ಮಾಡಬಹುದೆಂದು ತೋರಿಸಿದರು. ಆ ಉಪನ್ಯಾಸ ಅಚ್ಚಾದದ್ದು 1984ರಲ್ಲಿ, ಕಾಸರಗೋಡು ಜಿಲ್ಲೆ ಹುಟ್ಟಿದ ವರ್ಷ. 2024ರ ಮಾರ್ಚಿನಲ್ಲಿ ಎಕ್ಸ್‌ಝಡ್ ಎಂಬ ಸಂಕುಚನ ಲೈಬ್ರರಿಯಲ್ಲಿ ಸಿಕ್ಕ ಕಳ್ಳಬಾಗಿಲೂ ಕಂಪೈಲ್ ಮಾಡುವ ಹಂತದಲ್ಲೇ ಒಳನುಗ್ಗುವಂತೆ ಹೂಡಿದ್ದಾಗಿತ್ತು. ಎಲ್ಲರೂ ನೋಡುವ ಮೂಲಭಂಡಾರದಲ್ಲಿ ಅದರ ಕೊನೆಯ ಕೊಂಡಿ ಇರಲಿಲ್ಲ, ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಇತ್ತು. ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆಯೆಂದು ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ಹುಡುಕುತ್ತಾ ಹೋದದ್ದರಿಂದ ಅದು ಸಿಕ್ಕಿತು. ನಾವೇ ಕಟ್ಟಿಕೊಂಡರೂ ಥಾಂಪ್ಸನ್ ಹೇಳಿದ ಅಪಾಯ ಪೂರ್ತಿ ತಪ್ಪುವುದಿಲ್ಲ, ಏಕೆಂದರೆ ಕಟ್ಟಲು ಬಳಸುವ ಮೊದಲ ಕಂಪೈಲರ್ ಬೇರೆಯವರದ್ದೇ. ಆದರೆ ಇಬ್ಬರು ಬೇರೆ ಬೇರೆ ಯಂತ್ರಗಳಲ್ಲಿ ಕಟ್ಟಿದ ಫಲಿತಾಂಶ ಬಿಟ್‌ಬಿಟ್ಟೂ ಒಂದೇ ಇದೆಯೇ ಎಂದು ಹೋಲಿಸುವ ಪದ್ಧತಿ ಬೆಳೆದಿದೆ. ಗ್ವಿಕ್ಸ್ ಯೋಜನೆ 2023ರಲ್ಲಿ 357 ಬೈಟ್‌ಗಳ ಒಂದು ಬೀಜದಿಂದ ಶುರುಮಾಡಿ ಪೂರ್ಣ ಜಿಸಿಸಿಯವರೆಗೆ ಕಟ್ಟಿ ತೋರಿಸಿದೆ. ಪರೀಕ್ಷಿಸುವ ದಾರಿ ಇದೆ. ಅದರಲ್ಲಿ ನಡೆಯಲು ಕಟ್ಟುವುದು ಗೊತ್ತಿರಬೇಕು.

ಬೋರ್ಡುಗಳೇ ಈಗ ಬಲವಾಗಿವೆ, ರಾಸ್ಪ್‌ಬೆರಿ ಪೈ 5ರಲ್ಲಿ ನೇರವಾಗಿ ಕಂಪೈಲ್ ಮಾಡಬಹುದಲ್ಲ ಎನ್ನುವವರಿದ್ದಾರೆ. ಮಾಡಬಹುದು. ರಾಸ್ಪ್‌ಬಿಯನ್ ಕಟ್ಟಿದವರೂ ಕ್ರಾಸ್ ಕಂಪೈಲ್ ಮಾಡದೆ ಪೈಗಿಂತ ವೇಗದ ಆರ್ಮ್ ಬೋರ್ಡುಗಳನ್ನು ಸಾಲಾಗಿ ಜೋಡಿಸಿ ಅವುಗಳಲ್ಲೇ ಕಂಪೈಲ್ ಮಾಡಿದ್ದರು. ಆದರೆ ಮೂರು ತಿಂಗಳು ಬಿಡದೆ ಮಳೆ ಸುರಿಯುವ ಕಡೆ, ಸಣ್ಣ ಸೌರಫಲಕದ ವಿದ್ಯುತ್ತಿನಲ್ಲಿ ತೋಟದ ಮೂಲೆಯಲ್ಲಿ ಕೂರುವ ಸಾಧನಕ್ಕೆ 64 ಮೆಗಾಬೈಟ್ ರ‍್ಯಾಮ್ ಇರುವ ಅಗ್ಗದ ಬೋರ್ಡೇ ತಕ್ಕದ್ದು, ಅದರಲ್ಲಿ ಜಿಸಿಸಿ ಓಡಿಸುವ ಯೋಚನೆ ಬೇಡ. ಪೈಥಾನ್ ಬಳಸಿದರೆ ಕಂಪೈಲರಿನ ರಗಳೆಯೇ ಇಲ್ಲ ಎಂಬ ಮಾತೂ ಅರ್ಧ ಸತ್ಯ, ಆ ಪೈಥಾನನ್ನು ಮತ್ತು ಅದರ ಲೆಕ್ಕದ ಲೈಬ್ರರಿಗಳನ್ನು ಆ ಬೋರ್ಡಿಗೆ ಯಾರೋ ಕ್ರಾಸ್ ಕಂಪೈಲ್ ಮಾಡಿಕೊಡಲೇಬೇಕು.

ಮುಂದಿನ ದಿನಗಳಲ್ಲಿ ಈ ಅಗತ್ಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು. ರಿಸ್ಕ್-ಫೈವ್ ಮುಕ್ತ ವಿನ್ಯಾಸ. ಯಾರು ಬೇಕಾದರೂ ಅದರ ಪ್ರೊಸೆಸರ್ ಮಾಡಬಹುದು, ಬೇಕಾದ ವಿಸ್ತರಣೆಗಳನ್ನು ಸೇರಿಸಬಹುದು, ಬೇಡದ್ದನ್ನು ಬಿಡಬಹುದು. ಐಐಟಿ ಮದ್ರಾಸಿನ ಶಕ್ತಿ ಪ್ರೊಸೆಸರ್ 2018ರಲ್ಲಿ ಲಿನಕ್ಸನ್ನು ಓಡಿಸಿತು. ನಮ್ಮದೇ ರಾಜ್ಯದ ತಿರುವನಂತಪುರದ ಸಿ-ಡ್ಯಾಕ್ ವೇಗಾ ಎಂಬ ಪ್ರೊಸೆಸರ್ ಕುಟುಂಬವನ್ನು ಮಾಡಿದೆ. ಅದರಲ್ಲಿ ತೇಜಸ್32 ಚಿಪ್ಪು ಏರೀಸ್ ಬೋರ್ಡುಗಳ ಮೂಲಕ ವಿದ್ಯಾರ್ಥಿಗಳ ಕೈಗೂ ಬಂದಿದೆ. ತೇಜಸ್32ರ ರ‍್ಯಾಮ್ 256 ಕಿಲೋಬೈಟ್. ಅಲ್ಲಿ ಲಿನಕ್ಸ್ ಓಡದು, ಲಿನಕ್ಸ್ ಇಲ್ಲದ ಗುರಿಗೆ ಬರೆಯುವ ಬೇರೆಯೇ ಟೂಲ್‌ಚೈನ್ ಬೇಕು. ವೇಗಾದ ದೊಡ್ಡ ಸೋದರರಿಗೆ ಲಿನಕ್ಸ್ ಟೂಲ್‌ಚೈನ್. ಗುಣಾಕಾರದ ವಿಸ್ತರಣೆ ಇದೆಯೇ, ದಶಮಾಂಶದ್ದು ಇದೆಯೇ, ಅದಕ್ಕೆ ತಕ್ಕ ಎಬಿಐ ಯಾವುದು ಎಂಬ ಪ್ರತಿ ಪ್ರಶ್ನೆಗೂ ಟೂಲ್‌ಚೈನಿನಲ್ಲಿ ಉತ್ತರ ಬೇಕು. ಆರ್ಮ್‌ವಿ6 ಮತ್ತು ಆರ್ಮ್‌ವಿ7ರ ನಡುವೆ ಕಂಡ ತೊಡಕು ಇಲ್ಲಿ ಹತ್ತು ಮಡಿಯಾಗುತ್ತದೆ. ಸ್ವದೇಶಿ ಚಿಪ್ಪಿನ ಬಗ್ಗೆ ಹೆಮ್ಮೆ ಪಡುವವರು ಸ್ವದೇಶಿ ಟೂಲ್‌ಚೈನ್ ವಿದ್ಯೆಯ ಬಗ್ಗೆ ಮಾತಾಡುವುದೇ ಇಲ್ಲ, ಇದು ನನಗೆ ಬೇಸರದ ಸಂಗತಿ. ಚಿಪ್ಪಿನ ಕಾರ್ಖಾನೆಗೆ ಸಾವಿರಾರು ಕೋಟಿ ಬೇಕು, ಈ ವಿದ್ಯೆಗೆ ಬೇಕಾದದ್ದು ಒಂದು ಲ್ಯಾಪ್‌ಟಾಪ್ ಮತ್ತು ಕಲಿಸುವ ಮನಸ್ಸು.

ಕೇರಳದ ಶಾಲೆಗಳು ಸ್ವತಂತ್ರ ತಂತ್ರಾಂಶದ ವಿಷಯದಲ್ಲಿ ದೇಶಕ್ಕೇ ಮುಂದಿದ್ದವು. 2001ರ ಜುಲೈಯಲ್ಲಿ ತಿರುವನಂತಪುರದಲ್ಲಿ ಭಾರತದ ಸ್ವತಂತ್ರ ತಂತ್ರಾಂಶ ಪ್ರತಿಷ್ಠಾನ ಉದ್ಘಾಟನೆಯಾಯಿತು, ಅದೇ ದಶಕದಲ್ಲಿ ಐಟಿ@ಸ್ಕೂಲ್ ಯೋಜನೆ ಶಾಲೆಗಳನ್ನು ಗ್ನೂ/ಲಿನಕ್ಸಿಗೆ ತಂದಿತು. ಐಟಿ ಪಠ್ಯಪುಸ್ತಕ ಕನ್ನಡದಲ್ಲೂ ಬರುತ್ತದೆ. ನಮ್ಮ ಮಕ್ಕಳು ಐದಾರು ವರ್ಷ ಲಿನಕ್ಸ್ ಬಳಸಿಯೇ ಎಸ್‌ಎಸ್‌ಎಲ್‌ಸಿ ಮುಗಿಸುತ್ತಾರೆ. ನೆರೆಯ ದಕ್ಷಿಣ ಕನ್ನಡದ ಶಾಲೆಗಳಿಗೂ ಇಲ್ಲದ ಈ ಅಡಿಪಾಯ ಕಾಲೇಜಿಗೆ ಬಂದ ಮೇಲೆ ಬಳಕೆಯಾಗದೆ ಹೋಗುತ್ತಿದೆ. ಕೆಲಸಕ್ಕೆ ಬೇಕಾದದ್ದು ವೆಬ್ ಮತ್ತು ಆ್ಯಪ್, ಟೂಲ್‌ಚೈನ್ ಕಲಿತು ಉದ್ಯೋಗ ಸಿಕ್ಕೀತೇ ಎಂದು ಪೋಷಕರು ಕೇಳುವುದು ಸಹಜ. ಮಂಗಳೂರು ಬೆಂಗಳೂರುಗಳಲ್ಲಿ ವಾಹನ, ವೈದ್ಯಕೀಯ ಉಪಕರಣ, ದೂರಸಂಪರ್ಕ ಕ್ಷೇತ್ರಗಳ ಕಂಪನಿಗಳು ಎಂಬೆಡೆಡ್ ಲಿನಕ್ಸ್ ಬಲ್ಲವರನ್ನು ಹುಡುಕುತ್ತಲೇ ಇರುತ್ತವೆ, ಕಂಪೈಲರಿನ ಒಳಗು ತಿಳಿದವನು ಆ ಕಂಪನಿಗಳಿಗೆ ಬೇಕಾದವನು ಎಂಬುದು ಪೋಷಕರಿಗೆ ಉತ್ತರ.

ಪೊವ್ವಲ್‌ನ ಎಲ್‌ಬಿಎಸ್ ಎಂಜಿನಿಯರಿಂಗ್ ಕಾಲೇಜಿನ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದ ಮತ್ತು ಜಿಲ್ಲೆಯ ಪಾಲಿಟೆಕ್ನಿಕ್‌ಗಳ ಅಧ್ಯಾಪಕರಲ್ಲಿ ನನ್ನ ಕೋರಿಕೆ ಇದು. ಲಿನಕ್ಸ್ ಓಡುವ ಬೋರ್ಡಿನ ಮೇಲೆ ವಿದ್ಯಾರ್ಥಿಗಳು ಮಾಡುವ ಪ್ರಾಜೆಕ್ಟನ್ನು ಒಪ್ಪಿಕೊಳ್ಳುವ ಮೊದಲು ಟೂಲ್‌ಚೈನಿನ ಕಾನ್ಫಿಗರೇಶನ್ ಕಡತ, ಬಳಸಿದ ಮೂಲಗಳ ಕಟ್ಟು, ಪ್ರತಿಯೊಂದರ ಆವೃತ್ತಿ ಮತ್ತು ಪರವಾನಗಿ, ಗುರಿಸಾಧನದ ಪ್ರೊಸೆಸರ್ ಮತ್ತು ಎಬಿಐ ವಿವರ ಇವನ್ನು ಕೇಳಿ ಪಡೆಯಿರಿ. ಬಿಲ್ಡ್‌ರೂಟ್ ಬಳಸಿದರೆ ಮೂಲಗಳನ್ನೂ ಪರವಾನಗಿಗಳನ್ನೂ ಒಟ್ಟುಗೂಡಿಸುವ ಆದೇಶ ಅದರಲ್ಲೇ ಇದೆ. ಕ್ರಾಸ್‌ಟೂಲ್-ಎನ್‌ಜಿಯಲ್ಲಿ ಇಳಿಸಿಕೊಂಡ ಮೂಲಗಳನ್ನು ಕಾಪಿಡುವ ಆಯ್ಕೆ ಇದೆ. ಆಮೇಲೆ ಆ ತಂಡದಲ್ಲಿಲ್ಲದ ಒಬ್ಬ ವಿದ್ಯಾರ್ಥಿಗೆ ಬೇರೆ ಕಂಪ್ಯೂಟರನ್ನೂ ಆ ಕಡತಗಳನ್ನೂ ಕೊಟ್ಟು, ಇಂಟರ್‌ನೆಟ್ ಕಡಿದು, ಮತ್ತೆ ಕಟ್ಟಲು ಹೇಳಿ. ಆತ ಕಟ್ಟಿದ್ದು ಬೋರ್ಡಿನಲ್ಲಿ ಓಡಿದರೆ ಮಾತ್ರ ಅಂಕ ಕೊಡಿ. ಓಡದಿದ್ದರೆ ಎಲ್ಲಿ ತಪ್ಪಿತೆಂದು ಎರಡೂ ಕಡೆಯವರು ಕೂತು ಹುಡುಕಲಿ, ಆ ವಾರದಲ್ಲಿ ಕಲಿಯುವಷ್ಟನ್ನು ಒಂದು ಸೆಮಿಸ್ಟರಿನ ಪಾಠ ಕಲಿಸಲಾರದು. ಕಟ್ಟಿದ ಕ್ರಮವನ್ನು ಕನ್ನಡದಲ್ಲೂ ಮಲಯಾಳದಲ್ಲೂ ಬರೆದು ಕಾಲೇಜಿನ ಗ್ರಂಥಾಲಯದಲ್ಲಿ ಇಡಿಸಿ, ಮುಂದಿನ ತಂಡ ಅಲ್ಲಿಂದ ಶುರುಮಾಡಲಿ. ಇದಕ್ಕೆ ಹೊಸ ಅನುದಾನ ಬೇಡ, ಹೊಸ ಪ್ರಯೋಗಾಲಯ ಬೇಡ. ಈಗಿರುವ ಲ್ಯಾಪ್‌ಟಾಪುಗಳೇ ಸಾಕು. ಬರುವ ಶೈಕ್ಷಣಿಕ ವರ್ಷದಿಂದಲೇ ಒಂದು ತಂಡದೊಂದಿಗಾದರೂ ಇದನ್ನು ಆರಂಭಿಸಿರೆಂದು ಕೇಳಿಕೊಳ್ಳುತ್ತೇನೆ.